ಫೈರ್ ಬೋರ್ಡಿಗೆ ನಿಂತ ಡಾಕ್ಟರ್ ಅಂಕಲ್

ಕಳೆದ ಶನಿವಾರ ಒಗ್ಗರಣೆಗೆ ಹಾಕಿದ ಬ್ಯಾಡಗಿ ಮೆಣಸಿನಕಾಯಿ ಸೀದುಹೋಯಿತು. ಘಾಟು ಮನೆಯೆಲ್ಲ ತುಂಬಿಕೊಂಡು ನಾನೂ ನನ್ನ ಹೆಂಡತಿಯೂ ಕೆಮ್ಮುತ್ತಾ ಹಿತ್ತಲಿನ ಬಾಗಿಲು ತೆಗೆದೆವು. ಮಗಳು ಕಿವಿ ಮುಚ್ಚಿಕೊಂಡು ಹಾಲಿನಲ್ಲಿ ಚಾವಣಿ ನೋಡುತ್ತಾ ನಿಂತಳು. ಸ್ಮೋಕ್ ಅಲಾರ್ಮ್ ಕೂಗಲೇ ಇಲ್ಲ. ಕುರ್ಚಿ ಹತ್ತಿ ನೋಡಿದರೆ ಅದರಲ್ಲಿ ಬ್ಯಾಟರಿಯೇ ಇರಲಿಲ್ಲ. ನಾನೇ ತೆಗೆದಿರಬೇಕು, ಯಾವಾಗ ಎಂದು ನೆನಪಿಲ್ಲ... ಆ ಘಾಟಿನಲ್ಲಿ ಕಣ್ಣೀರು ಸುರಿಸುತ್ತಾ ಕುರ್ಚಿಯ ಮೇಲೆ ನಿಂತಿದ್ದಾಗ ನನಗೆ ಡಾಕ್ಟರ್ ಅಂಕಲ್ ನೆನಪಾದರು. ಅವರು ಇದ್ದಿದ್ದರೆ ನನಗೆ ಸರಿಯಾಗಿ ಮಂಗಳಾರತಿ ಆಗುತ್ತಿತ್ತು.

ನಮ್ಮ ಕಮ್ಯೂನಿಟಿ ಇರುವುದು ಅಮೆರಿಕದ ರಿಸರ್ಚ್ ಟ್ರಯಾಂಗಲ್ ಪಾರ್ಕಿನಿಂದ ಇಪ್ಪತ್ತೈದು ನಿಮಿಷ ದೂರದಲ್ಲಿ. ಹಿಂದೆ ತಂಬಾಕಿನ ಹೊಲವಾಗಿದ್ದ ಜಾಗದಲ್ಲಿ ಬಿಲ್ಡರ್ ಒಬ್ಬ ಒಂದೇ ಥರದ ಮನೆಗಳನ್ನು ಸಾಲಾಗಿ ಕಟ್ಟಿದ. ಸಾಫ್ಟ್‌ವೇರಿನವರು, ಫಾರ್ಮಾದವರು ಬಂದು ತುಂಬಿಕೊಂಡೆವು. ಅಂಕಲ್ ಮನೆ ನಮ್ಮೆಲ್ಲರಿಗಿಂತ ಹಳೆಯದು, ಹೊಲದ ಅಂಚಿನಲ್ಲಿದ್ದ ಇಟ್ಟಿಗೆಯ ಮನೆ. ಎಪ್ಪತ್ತರ ದಶಕದಲ್ಲಿ ಮೈಸೂರಿನಿಂದ ಬಂದು ಇಲ್ಲಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಡಾಕ್ಟರ್ ಆಗಿದ್ದವರು. ಜೀವನವಿಡೀ ಜನರನ್ನು ಮಲಗಿಸುವ ಕೆಲಸ ಮಾಡಿ, ರಿಟೈರ್ ಆದ ಮೇಲೆ ನಮ್ಮನ್ನು ಎಬ್ಬಿಸುವ ಕೆಲಸಕ್ಕೆ ಇಳಿದಿದ್ದಾರೆ ಎಂದು ನಾವು ಅವರ ಬೆನ್ನ ಹಿಂದೆ ನಗುತ್ತಿದ್ದೆವು.

ಅವರ ಷರ್ಟಿನ ಜೇಬಿನಲ್ಲಿ ಸದಾ ಎರಡು ಮೂರು ಚೌಕದ ಬ್ಯಾಟರಿಗಳಿರುತ್ತಿದ್ದವು. ನಮ್ಮವರ ಮನೆಗಳಲ್ಲಿ ಒಗ್ಗರಣೆಯ ಹೊಗೆಗೆ ಅಲಾರ್ಮ್ ಕೂಗುತ್ತದೆಂದು ಬ್ಯಾಟರಿ ಕಿತ್ತು ಡ್ರಾಯರಿಗೋ ಮಕ್ಕಳ ಆಟಿಕೆಯ ಡಬ್ಬಕ್ಕೋ ಹಾಕಿಡುವುದು ಅವರಿಗೆ ಗೊತ್ತಿತ್ತು. ಸತ್ಯನಾರಾಯಣ ಪೂಜೆಗೆ ಕರೆದರೂ ಮೊದಲು ಚಾವಣಿ ನೋಡುತ್ತಿದ್ದರು, ಆಮೇಲೆ ದೇವರನ್ನು. "ಒಗ್ಗರಣೆ ಮುಗೀತಲ್ಲಯ್ಯಾ, ಈಗ್ಲಾದ್ರೂ ಹಾಕು" ಎಂದು ಮೇಲೆ ಕೈ ತೋರಿಸುತ್ತಿದ್ದರು. ಹಾಕುವವರೆಗೆ ಪ್ರಸಾದ ಮುಟ್ಟುತ್ತಿರಲಿಲ್ಲ.

ಫೈರ್ ಸ್ಟೇಷನ್ನಿನವರ ಮಾತೆಂದರೆ ಅವರಿಗೆ ವೇದವಾಗಲು ಕಾರಣವಿತ್ತು. ಇಲ್ಲಿ ಯಾವ ತುರ್ತಿಗೂ ಹತ್ತಿರದ ಫೈರ್ ಟ್ರಕ್ಕೂ ಓಡಿಬರುತ್ತದೆ. ಒಂದು ಬೆಳಗ್ಗೆ ಅವರ ಹೆಂಡತಿ, ನಮ್ಮ ಆಂಟಿಗೆ ಪಾರ್ಶ್ವವಾಯು ಹೊಡೆದಾಗ ಮೊದಲು ಬಂದದ್ದು ಆಂಬುಲೆನ್ಸ್ ಅಲ್ಲ, ನಮ್ಮ ರಸ್ತೆಯ ಕೊನೆಯಲ್ಲಿದ್ದ ಚಿಕ್ಕ ಫೈರ್ ಸ್ಟೇಷನ್ನಿನವರು. ಅಂಕಲ್ ಫೋನ್ ಕೆಳಗಿಡುವಷ್ಟರಲ್ಲಿ ಟ್ರಕ್ ಗೇಟಿನಲ್ಲಿತ್ತಂತೆ. ಆಮೇಲೆ ಆಂಟಿ ಮೂರು ವರ್ಷ ಬದುಕಿದ್ದರು. ಆ ಮೂರು ವರ್ಷವನ್ನು ಆ ಸ್ಟೇಷನ್ ಕೊಟ್ಟಿತು ಎಂದು ಅಂಕಲ್ ನಂಬಿದ್ದರು. ಡಾಕ್ಟರ್ ಆಗಿ ಅವರು ಸುಮ್ಮನೆ ನಂಬುವವರಲ್ಲ.

ಖರ್ಚು ಹೆಚ್ಚೆಂದು ಆ ಸ್ಟೇಷನ್ನನ್ನೇ ಮುಚ್ಚುವ ಮಾತು ಬಂತು. ಕೋವಿಡ್ ಇಳಿದು ಎಲ್ಲರೂ ಮಾಸ್ಕ್ ತೆಗೆದ ಮೊದಲ ವರ್ಷ ಅದು. ಮುಚ್ಚುವವರು ಯಾರು, ಅವರನ್ನು ಅಲ್ಲಿ ಕೂರಿಸಿದವರು ಯಾರು ಎಂದು ನಮಗೆ ಒಬ್ಬರಿಗೂ ಗೊತ್ತಿರಲಿಲ್ಲ. ಎಲ್ಲ ಸರ್ಕಾರದ್ದು ಎಂದುಕೊಂಡಿದ್ದೆವು. ಅಂಕಲ್ ನಮ್ಮ ಮನೆಯ ಊಟದ ಮೇಜಿನ ಮೇಲೆ ಮ್ಯಾಪ್ ಹರಡಿ ಕೂರಿಸಿಕೊಂಡು ಹೇಳಿದರು. ಎಷ್ಟೋ ವರ್ಷಗಳ ಹಿಂದೆ ಇಲ್ಲಿನ ರೈತರು ಸಹಿ ಸಂಗ್ರಹಿಸಿ ಕೌಂಟಿಗೆ, ಅಂದರೆ ಇಲ್ಲಿನ ಜಿಲ್ಲಾಡಳಿತಕ್ಕೆ, ಅರ್ಜಿ ಕೊಟ್ಟರು, ತಮ್ಮ ಹೊಲಗಳ ಸುತ್ತ ಒಂದು ಗಡಿ ಎಳೆಸಿಕೊಂಡರು. ಗಡಿಯೊಳಗಿನ ಮನೆಗಳ ಮೇಲೆ ಫೈರ್ ಟ್ಯಾಕ್ಸ್ ಬಿತ್ತು. ಬೆಂಕಿ ಆರಿಸಲು ತಾವೇ ಒಂದು ಸಂಘ ಕಟ್ಟಿದರು. ಅದಕ್ಕೆ ಬೈಲಾ ಬರೆದರು, ಏಳು ಜನರ ಬೋರ್ಡ್ ಮಾಡಿದರು. ಕೌಂಟಿ ತೆರಿಗೆ ಎತ್ತಿ ಸಂಘಕ್ಕೆ ಕೊಡುತ್ತದೆ, ಉಳಿದದ್ದೆಲ್ಲ ಆ ಏಳು ಜನರ ಕೈಯಲ್ಲಿ. ಆ ಏಳು ಜನರನ್ನು ಆರಿಸುವುದು ವರ್ಷಕ್ಕೊಮ್ಮೆ ದೊಡ್ಡ ಸ್ಟೇಷನ್ನಿನ ಷೆಡ್ಡಿನಲ್ಲಿ ನಡೆಯುವ ಸರ್ವಸದಸ್ಯರ ಸಭೆ. ಟ್ರಕ್ಕುಗಳನ್ನು ಹೊರಗೆ ನಿಲ್ಲಿಸಿ, ಒಳಗೆ ಕುರ್ಚಿ ಹಾಕಿ, ಚಿಕನ್ ಊಟ ಹಾಕಿಸಿ, ಚೀಟಿ ಹಂಚುತ್ತಾರೆ.

"ಸದಸ್ಯರು ಅಂದ್ರೆ ಯಾರು ಗೊತ್ತೇನಯ್ಯಾ?" ಎಂದು ಕೇಳಿದರು. ನಾನು ಇಲ್ಲವೆಂದು ತಲೆಯಾಡಿಸಿದೆ. "ನೀನು. ನಿನ್ನ ಹೆಂಡ್ತಿ. ಈ ಗಡಿಯೊಳಗೆ ವಾಸ ಮಾಡೋ, ಹದಿನೆಂಟು ದಾಟಿದ ಪ್ರತಿಯೊಬ್ರೂ. ಸಿಟಿಜನ್ ಆಗಿರ್ಬೇಕು ಅಂತ ಬೈಲಾದಲ್ಲಿ ಎಲ್ಲೂ ಇಲ್ಲ."

ಬೋರ್ಡಿನಲ್ಲಿ ಮೂವರು ಸ್ಟೇಷನ್ ಮುಚ್ಚಬೇಕು ಎನ್ನುವವರು, ಮೂವರು ಬೇಡ ಎನ್ನುವವರು. ಏಳನೆಯ ಸೀಟು ಆ ವರ್ಷ ಚುನಾವಣೆಗೆ ಬಂದಿತ್ತು. ಅದಕ್ಕೆ ಮುಚ್ಚಬೇಕು ಎನ್ನುವವರ ಕಡೆಯಿಂದ ಹಳೆಯ ಬೋರ್ಡಿನವರೊಬ್ಬರ ಭಾವಮೈದುನ ನಿಂತ. ಇನ್ನೊಂದು ಕಡೆಯಿಂದ, ಎಂಬತ್ತು ದಾಟಿದ ನಮ್ಮ ಅಂಕಲ್.

ಅವರು ಪ್ರತಿ ಮನೆಯ ಬಾಗಿಲು ತಟ್ಟಿದರು. ಬೈಲಾದ ಪ್ರತಿ ಮಾಡಿಸಿ, ಸದಸ್ಯತ್ವದ ಸಾಲಿನ ಕೆಳಗೆ ತಾವೇ ಸ್ಕೇಲ್ ಇಟ್ಟು ಕೆಂಪು ಗೆರೆ ಎಳೆದು ಹಂಚಿದರು. "ನಲವತ್ತು ಜನ ಬಂದ್ರೆ ಸಾಕು ಕಣಯ್ಯಾ. ಭಾಷಣ ಬೇಡ, ಹಾರ ಬೇಡ. ಬಂದು ಚೀಟಿ ಹಾಕಿ ಹೋಗಿ." ಎಲ್ಲರೂ ಖಂಡಿತ ಅಂಕಲ್ ಎಂದೆವು. ಕಾಫಿ ಕೊಟ್ಟೆವು. ನಮ್ಮವರೊಬ್ಬರು ಬೋರ್ಡಿಗೆ ನಿಂತಿದ್ದಾರೆಂದು ವಾಟ್ಸಾಪ್ ಗುಂಪಿನಲ್ಲಿ ಹೆಮ್ಮೆಪಟ್ಟುಕೊಂಡೆವು. ಹೆಮ್ಮೆಪಡುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ.

ಈಗ ನಾನು ಮಾಡಿದ್ದನ್ನು ಹೇಳಬೇಕು. ಹೇಳಲು ನಾಚಿಕೆಯಾಗುತ್ತದೆ, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬರುತ್ತದೆ.

ನಾನು ಹತ್ತು ವರ್ಷದಿಂದ ಗ್ರೀನ್ ಕಾರ್ಡಿನ ಸಾಲಿನಲ್ಲಿದ್ದೆ, ಈಗಲೂ ಇದ್ದೇನೆ. ಆ ಸಾಲಿನಲ್ಲಿ ನಿಂತವನಿಗೆ ಎಲ್ಲದಕ್ಕೂ ಭಯ. ಸ್ಪೀಡಿಂಗ್ ಟಿಕೆಟ್ ಬಂದರೆ ಲಾಯರಿಗೆ ಇಮೇಲ್ ಮಾಡುವವರು ನಾವು. ವೋಟು ಎಂಬ ಪದ ಕೇಳಿದರೆ ಸಾಕು, ಗಡೀಪಾರು ಎಂದು ಕೇಳಿಸುತ್ತದೆ. ಸರ್ಕಾರದ ಚುನಾವಣೆಯಲ್ಲಿ ಸಿಟಿಜನ್ ಅಲ್ಲದವರು ವೋಟು ಹಾಕಿದರೆ ಅಪರಾಧ, ಅದು ಸರಿ. ಆದರೆ ಇದು ಸರ್ಕಾರದ ಚುನಾವಣೆಯಲ್ಲ, ಸಂಘದ್ದು. ಕೆಂಪು ಗೆರೆ ಎಳೆದ ಆ ಪ್ರತಿ ನನ್ನ ಅಡುಗೆಮನೆಯ ಡ್ರಾಯರಿನಲ್ಲಿತ್ತು. ನಾನು ಅದನ್ನು ಬಿಡಿಸಿಯೂ ನೋಡಿರಲಿಲ್ಲ.

ಸಭೆಯ ಹಿಂದಿನ ಸಂಜೆ ನನ್ನ ಹೆಂಡತಿ ನಾಳೆ ಎಷ್ಟು ಗಂಟೆಗೆ ಹೊರಡೋಣ ಎಂದು ಕೇಳಿದಳು. ನಾನು ಹೋಗುವುದು ಬೇಡ ಎಂದೆ.

"ಅಂಕಲ್ಲೇ ಹೇಳ್ತಿದಾರಲ್ಲ ರೀ, ವೀಸಾದೋರೂ ಹಾಕ್ಬೋದು ಅಂತ."

"ಅವ್ರಿಗೇನು, ಸಿಟಿಜನ್ನು. ನಾಳೆ ಏನಾದ್ರೂ ಆದ್ರೆ ಹೋಗೋದು ನಮ್ಮ ಗ್ರೀನ್ ಕಾರ್ಡು."

ಅಷ್ಟಕ್ಕೆ ನಿಲ್ಲಿಸಿದ್ದರೆ ಎರಡೇ ವೋಟು ಹೋಗುತ್ತಿತ್ತು. ನಾನು ಫೋನ್ ತೆಗೆದು ಗುಂಪಿಗೆ ಬರೆದೆ: ವೀಸಾದಲ್ಲಿರೋರು ಯಾವುದೇ ಎಲೆಕ್ಷನ್‌ನಲ್ಲಿ ವೋಟ್ ಮಾಡಿದ್ರೆ ಮುಂದೆ ಪ್ರಾಬ್ಲಮ್ ಆಗಬಹುದು, ದಯವಿಟ್ಟು ನಿಮ್ಮ ಲಾಯರನ್ನ ಕೇಳಿ. ಕೊನೆಯಲ್ಲಿ ಕೈ ಮುಗಿಯುವ ಚಿತ್ರ ಹಾಕಿದೆ. ಊಟ ಮುಗಿಸುವಷ್ಟರಲ್ಲಿ ಮೂವತ್ತಕ್ಕೂ ಹೆಚ್ಚು ಹೆಬ್ಬೆರಳು ಬಿದ್ದಿದ್ದವು. ಥ್ಯಾಂಕ್ಸ್ ಫಾರ್ ದ ಹೆಡ್ಸ್ ಅಪ್ ಎಂದು ನಾಲ್ಕು ಜನ ಬರೆದರು. ಒಬ್ಬನಾದರೂ ಬೈಲಾ ನೋಡಿದ್ದೀರಾ ಎಂದು ಕೇಳಲಿಲ್ಲ. ಎಲ್ಲರಿಗೂ ಒಂದು ನೆಪ ಬೇಕಿತ್ತು, ಅದನ್ನು ನಾನು ಒದಗಿಸಿದ್ದೆ.

ಮರುದಿನ ಶನಿವಾರ ಮಧ್ಯಾಹ್ನ ಸಗಟು ಅಂಗಡಿಯಿಂದ ಕಾರಿನ ತುಂಬ ಸಾಮಾನು ಹಾಕಿಕೊಂಡು ವಾಪಸಾಗುತ್ತಿದ್ದೆ. ದೊಡ್ಡ ಸ್ಟೇಷನ್ನಿನ ಎದುರೇ ಸಿಗ್ನಲ್ ಬಿತ್ತು. ಅಂಕಲ್ ಷೆಡ್ಡಿನ ಬಾಗಿಲಲ್ಲಿ ನಿಂತಿದ್ದರು. ಕಂದು ಬಣ್ಣದ ಕೋಟು, ಟೈ, ಕೈಯಲ್ಲಿ ಬೈಲಾದ ಪ್ರತಿಗಳು. ರಸ್ತೆಯನ್ನೇ ನೋಡುತ್ತಿದ್ದರು. ನನ್ನ ಕಾರು ಗುರುತಿಸಿ ಮುಖ ಅರಳಿಸಿದರು, ಪಾರ್ಕ್ ಮಾಡುವ ಜಾಗ ಎಲ್ಲಿದೆಯೆಂದು ಕೈಯಲ್ಲೇ ತೋರಿಸಿದರು. ನಾನು ಬಗ್ಗಿ ರೇಡಿಯೋ ತಿರುಗಿಸುವಂತೆ ಮಾಡಿದೆ. ಹಸಿರು ದೀಪ ಬಂದ ಕೂಡಲೇ ಹೊರಟುಬಿಟ್ಟೆ. ಕನ್ನಡಿಯಲ್ಲಿ ನೋಡಿದಾಗ ಅವರ ಕೈ ಇನ್ನೂ ಹಾಗೇ ಚಾಚಿತ್ತು...

ಏಳು ವೋಟಿನಿಂದ ಸೋತರು. ನಮ್ಮ ಕಮ್ಯೂನಿಟಿಯಿಂದ ಹೋದವರು ನಾಲ್ಕೇ ಜನ, ಎಲ್ಲರೂ ಸಿಟಿಜನ್ ಆಗಿದ್ದ ಹಿರಿಯರು. ಅಂಕಲ್‌ಗೆ ಬಿದ್ದ ಉಳಿದ ವೋಟುಗಳೆಲ್ಲ ಇಲ್ಲಿಯವರದೇ. ಆಂಟಿಯನ್ನು ಹೊತ್ತೊಯ್ದ ಹುಡುಗರು, ಚರ್ಚಿನವರು, ಸ್ಕೂಲ್ ಬಸ್ ಓಡಿಸಿ ರಿಟೈರ್ ಆದ, ದೊಡ್ಡ ಸ್ಟೇಷನ್ ಹತ್ತಿರದ ಹೆಂಗಸು. ಪರರು ಬಂದರು, ನಾವು ಬರಲಿಲ್ಲ.

ಭಾನುವಾರ ಬೆಳಗ್ಗೆ ಅಂಕಲ್ ನಮ್ಮ ಮನೆಗೆ ಬಂದರು. ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೇ ನಿಂತರು. ನನ್ನ ಮೆಸೇಜನ್ನು ಯಾರೋ ಅವರಿಗೂ ಕಳಿಸಿದ್ದರು.

"ಬೈಲಾ ಓದಿದ್ಯಾ?"

"ಇಲ್ಲ ಅಂಕಲ್."

"ಹನ್ನೆರಡು ಪುಟ. ನಿನ್ನ ವೀಸಾದ ಫಾರಂ ಆಗಿದ್ರೆ ಪೂರ್ಣವಿರಾಮ ಕೂಡ ಬಿಡದೆ ಓದ್ತಿದ್ದೆ." ಒಂದು ಮೆಟ್ಟಿಲು ಕೆಳಗಿಳಿದರು. "ಭಯ ಇತ್ತು ಅಂದ್ರೆ ನನ್ನ ಹತ್ರ ಬಂದು ಹೇಳ್ಬೋದಿತ್ತು. ಭಯ ತಪ್ಪಲ್ಲ. ನೀನು ನಿನ್ನ ಭಯಾನ ಊರಿಗೆಲ್ಲ ಹಂಚಿದೆ ನೋಡು, ಅದು ತಪ್ಪು."

ನಾನು ಸಾರಿ ಎಂದೆ. ಅವರು ಕೇಳಿಸಿಕೊಳ್ಳಲು ನಿಲ್ಲಲಿಲ್ಲ. ಆಮೇಲೆ ನಮ್ಮ ಮನೆಯ ಚಾವಣಿ ನೋಡಲು ಅವರು ಬರಲೇ ಇಲ್ಲ.

ವಸಂತ ಬರುವಷ್ಟರಲ್ಲಿ ಬೋರ್ಡಿನವರು ನಾಲ್ಕು-ಮೂರು ವೋಟಿನಲ್ಲಿ ಸ್ಟೇಷನ್ ಮುಚ್ಚಿದರು. ಮುಂದಿನ ವರ್ಷ ಅಂಕಲ್ ಮತ್ತೆ ನಿಂತರು, ನಮ್ಮನ್ನು ಯಾರನ್ನೂ ಕೇಳಲಿಲ್ಲ. ಅವರು ನಿಂತಿದ್ದರೆಂಬುದೇ ಸೋತ ಮೇಲೆ ನಮಗೆ ತಿಳಿಯಿತು. ಅದಾದ ಚಳಿಗಾಲದಲ್ಲಿ ಆಸ್ಪತ್ರೆಯಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. ಅಂತ್ಯಕ್ರಿಯೆಗೆ ಇಡೀ ಕಮ್ಯೂನಿಟಿ ಬಂದಿತ್ತು. ಪಾರ್ಕಿಂಗ್ ಸಾಲದೆ ಕಾರುಗಳು ಹುಲ್ಲಿನ ಮೇಲೆ ನಿಂತವು. ಒಬ್ಬರ ನಂತರ ಒಬ್ಬರು ಮೈಕ್ ಹಿಡಿದು, ಅಂಕಲ್ ನಮಗೆಲ್ಲ ಇನ್‌ಸ್ಪಿರೇಷನ್ ಎಂದರು. ಹೆಬ್ಬೆರಳು ಒತ್ತಿದ್ದ ಜನವೇ. ಎದ್ದು ನಿಂತು ಬಾಯಿ ಮುಚ್ರೋ ಎನ್ನಬೇಕೆನಿಸಿತು. ಆದರೆ ಬರೆದವನೇ ನಾನು, ಯಾವ ಬಾಯಲ್ಲಿ ಹೇಳಲಿ? ನಾನೂ ಮೈಕ್ ಹಿಡಿದು ಎರಡು ಮಾತು ಆಡಿ ಕೂತೆ.

ಇವೆಲ್ಲ ಆ ಘಾಟಿನಲ್ಲಿ ನೆನಪಾಗಿ, ಈ ಶನಿವಾರ ಸಂಘದ ವಾರ್ಷಿಕ ಸಭೆಗೆ ಹೋದೆ. ಬೈಲಾವನ್ನು ಹಿಂದಿನ ದಿನ ಕೂತು ಓದಿದೆ. ಅರ್ಧ ಗಂಟೆ ಹಿಡಿಯಿತು. ಆದರೂ ಪಾಸ್‌ಪೋರ್ಟು, ವೀಸಾದ ಕಾಗದ, ಕಂಪನಿಯ ಪತ್ರ, ಮನೆಯ ತೆರಿಗೆ ರಸೀದಿ ಎಲ್ಲವನ್ನೂ ಫೈಲಿಗೆ ಹಾಕಿಕೊಂಡು ಹೋದೆ. ಬಾಗಿಲ ಬಳಿಯ ಮೇಜಿನ ಹಿಂದೆ ಆ ಬಸ್ ಓಡಿಸುತ್ತಿದ್ದ ಹೆಂಗಸೇ ಕೂತಿದ್ದರು. ನಾನು ಫೈಲ್ ಬಿಚ್ಚಲು ಹೊರಟರೆ ಕೈ ಅಡ್ಡ ಹಿಡಿದು, ವಿಳಾಸ ಮಾತ್ರ ಹೇಳಿ ಎಂದರು. ಅಷ್ಟೇ. ಅವರು ಕೇಳುತ್ತಿದ್ದುದು ವಿಳಾಸ ಒಂದನ್ನೇ.

ಹೇಳಿದೆ. ಅವರು ಪಟ್ಟಿಯ ಮೇಲೆ ಬೆರಳು ಓಡಿಸಿ, ಆಮೇಲೆ ಗೋಡೆಯ ಮ್ಯಾಪ್ ನೋಡಿ, ಸಾರಿ ಹನೀ ಎಂದರು. ಸ್ಟೇಷನ್ ಮುಚ್ಚಿದ ಎರಡು ವರ್ಷದ ಮೇಲೆ ನಮ್ಮ ಕಡೆಯ ರಸ್ತೆಗಳನ್ನು ಬೋರ್ಡು ಬಿಟ್ಟುಕೊಟ್ಟಿತಂತೆ. ಈಗ ನಾವು ಪಕ್ಕದ ಫೈರ್ ಡಿಸ್ಟ್ರಿಕ್ಟಿಗೆ ಸೇರಿದವರು. ಅಲ್ಲಿರುವುದು ಮೂವರ ಕಮಿಷನ್, ಅವರನ್ನು ಕೌಂಟಿಯೇ ನೇಮಿಸುತ್ತದೆ, ಅದಕ್ಕೆ ಯಾರೂ ವೋಟು ಹಾಕುವಂತಿಲ್ಲ. ಎಲ್ಲರ ಮನೆಗೂ ಕಾಗದ ಕಳಿಸಿದ್ದರಂತೆ. ಬಂದಿರಬಹುದು, ನಾನು ಓದಿರಲಿಕ್ಕಿಲ್ಲ.

ನಾನು ಹೊರಡಲು ತಿರುಗಿದಾಗ ಅವರು, ನೀವು ಡಾಕ್ಟರ ಕಡೆಯವರಾ ಎಂದು ಕೇಳಿದರು. ಹೌದು ಎಂದೆ. ಹೌದು ಎನ್ನಲು ನನಗೇನು ಹಕ್ಕಿತ್ತೋ.

"ಆ ವರ್ಷ ಅವರು ಬೆಳಗ್ಗೆಯೇ ಬಂದು ನನ್ನ ಕೈಲಿ ನಲವತ್ತು ಕುರ್ಚಿ ಹೆಚ್ಚಿಗೆ ಹಾಕಿಸಿದ್ದರು," ಎಂದರು ಆಕೆ. "ನಮ್ಮ ಜನ ಬರ್ತಾರೆ ಅಂದಿದ್ದರು. ಸಭೆ ಮುಗಿದ ಮೇಲೆ ಎಲ್ಲವನ್ನೂ ತಾವೇ ಮಡಚಿ ಗೋಡೆಗೆ ಒರಗಿಸಿ ಇಟ್ಟರು. ನನ್ನ ಮಗ ಸಹಾಯಕ್ಕೆ ಹೋದರೆ, ಬೇಡ, ಇವು ನನ್ನವು ಅಂದರು."

ಎಂಬತ್ತು ದಾಟಿದ ಮನುಷ್ಯ ಅಲ್ಲಿ ಒಬ್ಬರೇ ನಲವತ್ತು ಕುರ್ಚಿ ಮಡಚುತ್ತಿದ್ದಾಗ, ಎರಡು ಮೈಲಿ ಈಚೆಗೆ ನಾನು ಗ್ಯಾರೇಜಿನಲ್ಲಿ ಅಂದು ತಂದ ಪೇಪರ್ ಟವೆಲ್‌ಗಳನ್ನು ಷೆಲ್ಫಿಗೆ ಜೋಡಿಸುತ್ತಿದ್ದೆ.