ಆಂಟಿಯ ಕಡಲೆಬೀಜದ ಡಬ್ಬಿ

ಬೆಳಿಗ್ಗೆ ಎರಡು ಸಲ ಮಷೀನಿಗೆ ಬಟ್ಟೆ ಹಾಕಿ ಹಿತ್ತಲಲ್ಲಿ ಹರವಿದೆ. ದೋಸೆಗೆ ಅಕ್ಕಿ ಉದ್ದು ನೆನೆಹಾಕಿದೆ. ಕ್ಯಾನಿಂಗ್ ವೇಲ್‌ನ ಇಂಡಿಯನ್ ಅಂಗಡಿಗೆ ಹೋಗಿ ತೊಗರಿಬೇಳೆ, ಕರಿಬೇವು ತಂದೆ. ಮಗಳ ಯೂನಿಫಾರ್ಮಿಗೆ ಗುಂಡಿ ಹೊಲಿದೆ. ಮಧ್ಯಾಹ್ನ ಬ್ರಿಸ್ಬೇನಿನಿಂದ ಪಾರ್ಸೆಲ್ ಬಂತು. ಅದರಲ್ಲಿದ್ದ ಡಬ್ಬಿಯನ್ನು ತೊಳೆಯದೆ ಕಟ್ಟೆಯ ಮೇಲಿಟ್ಟೆ. ಆಮೇಲೆ ಯಾವ ಕೆಲಸದಲ್ಲೂ ಕೈ ನಿಲ್ಲಲಿಲ್ಲ. ಒಣಗಿದ ಬಟ್ಟೆ ಇನ್ನೂ ಹೊರಗೇ ಇದೆ.

ಪಕ್ಕದ ಮನೆಯ ಆಂಟಿಯ ಬೆರಳುಗಳೂ ಹಾಗೇ, ಒಂದು ಕಡೆ ನಿಲ್ಲುತ್ತಿರಲಿಲ್ಲ. ಮೇಜಿನ ಮೇಲೆ, ಮೊಣಕಾಲ ಮೇಲೆ, ಕೀಮೋ ಕೊಡುವಾಗ ಆಸ್ಪತ್ರೆಯ ಕುರ್ಚಿಯ ಕೈ ಮೇಲೆ, ಇಲ್ಲದ ಟೈಪ್‌ರೈಟರನ್ನು ಕುಟ್ಟುತ್ತಲೇ ಇರುತ್ತಿದ್ದವು. ಮಂಗಳೂರಿನ ಕಡೆಯವರು. ಗಲ್ಫ್‌ನಲ್ಲಿ ಒಂದು ಎಣ್ಣೆ ಕಂಪನಿಯ ಕ್ಯಾಂಪಿನಲ್ಲಿ ಇಪ್ಪತ್ತು ವರ್ಷ ಅಮೆರಿಕದ ಸಾಹೇಬರುಗಳಿಗೆ ಟೈಪಿಸ್ಟ್ ಆಗಿದ್ದರು. ಗಂಡ ತೀರಿಕೊಂಡ ಮೇಲೆ ಪರ್ತ್‌ನ ಈ ಹ್ಯಾರಿಸ್‌ಡೇಲ್‌ನಲ್ಲಿ ಒಬ್ಬರೇ ಇದ್ದರು. ಒಬ್ಬನೇ ಮಗ ಬ್ರಿಸ್ಬೇನಿನಲ್ಲಿ.

ಅರವತ್ತು ದಾಟಿದ ಮೇಲೆ ಅವರು ಯೂನಿವರ್ಸಿಟಿ ಸೇರಿದರು. ಓದಲು ಹೊರಟದ್ದು ಅಮೆರಿಕದ ಸಂಸ್ಕೃತಿ. ಚರಿತ್ರೆ, ಸಾಹಿತ್ಯ, ರಾಜಕೀಯ, ಹಾಡು, ಸಿನಿಮಾ ಎಲ್ಲವನ್ನೂ ಒಟ್ಟಿಗೆ ಹಾಕಿ ಓದಿಸುವ ಮೂರು ವರ್ಷದ ಡಿಗ್ರಿ. ನಮ್ಮ ಯಜಮಾನರಿಗೆ ನಗು. "ಆಸ್ಟ್ರೇಲಿಯಾದಲ್ಲಿ ಕೂತು ಅಮೆರಿಕ ಓದೋದಾ ಆಂಟಿ? ಕೆಲಸ ಏನು ಸಿಗತ್ತೆ?"

"ಕೆಲಸ ಮಾಡಿ ಮುಗಿದಿದೆ ಮಾರಾಯಾ. ಇಪ್ಪತ್ತು ವರ್ಷ ಅವರ ಮಾತು ಟೈಪ್ ಮಾಡಿದೆ. ಅವರು ಯಾರು ಅಂತ ಗೊತ್ತಾಗ್ಲೇ ಇಲ್ಲ. ಈಗ ಕೇಳ್ತೇನೆ."

ಕೊನೆಯ ಸೆಮಿಸ್ಟರಿನಲ್ಲಿ ಕಾಯಿಲೆ ಬಂತು. ಕಾರು ಓಡಿಸಬಾರದೆಂದರು ಡಾಕ್ಟರು, ನಾನೇ ಕ್ಯಾಂಪಸ್ಸಿಗೆ ಕರೆದೊಯ್ಯುತ್ತಿದ್ದೆ. ಉಳಿದಿದ್ದದ್ದು ಒಂದೇ ಪ್ರಬಂಧ. ಯಾವುದಾದರೂ ಒಂದು ವಸ್ತುವನ್ನು ಇಟ್ಟುಕೊಂಡು ಅದರಿಂದ ಅಮೆರಿಕವನ್ನು ಎಲ್ಲ ಕಡೆಯಿಂದ ನೋಡಬೇಕು. ಆಂಟಿ ಆರಿಸಿಕೊಂಡದ್ದು ಕ್ಯಾಂಪಿನಿಂದ ತಂದಿದ್ದ ಹುರಿದ ಕಡಲೆಬೀಜದ ಡಬ್ಬಿ. ಸುತ್ತ ಕಾಗದದ ಲೇಬಲ್ಲು, ಮುಂದೆ ಹುಲ್ಲಿನ ಟೋಪಿ ಹಾಕಿ ನಗುವ ಹುಡುಗಿ, ಹಿಂದೆ ಇರುವೆ ಸಾಲಿನಂಥ ಅಕ್ಷರ. ಈ ಬೀಜ ಬಿತ್ತಿದ ಕೈ ಯಾರದು, ಹೊಲದಲ್ಲಿ ಏನು ಹಾಡುತ್ತಿದ್ದರು, ಹುಡುಗಿಯನ್ನು ನಗಿಸಿದವರು ಯಾರು, ಮರುಭೂಮಿಯಲ್ಲಿ ಕೂತು ತಿಂದವರು ಯಾರು. ದಾರಿಯುದ್ದಕ್ಕೂ ಇದೇ ಮಾತು. ಶುಕ್ರವಾರ ಪ್ರಬಂಧ ಕೊಡಬೇಕು, ಶನಿವಾರ ಮಗ ಬಂದು ಬ್ರಿಸ್ಬೇನಿಗೆ ಕರೆದೊಯ್ಯುತ್ತಾನೆ. ಅಷ್ಟರೊಳಗೆ ಮುಗಿಯದಿದ್ದರೆ ಮುಂದೆ ಮುಗಿಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಅದರ ಹಿಂದಿನ ವಾರ ದೀಪಾವಳಿ. ಆಂಟಿ ನಮಗೆ ಶಂಕರಪೋಳೆಯಂಥ ಸಿಹಿ ತುಕ್ಡಿ ಕರಿದು ಕಳಿಸಿದರು. ಕೀಮೋ ಆದ ಮರುದಿನದ ಸುಸ್ತಿನಲ್ಲಿ, ಸಾಲಾಗಿದ್ದ ಡಬ್ಬಿಗಳಲ್ಲಿ ಕೈಗೆ ಸಿಕ್ಕಿದ್ದರಲ್ಲಿ ತುಂಬಿದ್ದರು. ಅದು ಈ ಡಬ್ಬಿ. ನಾನು ಅದುವರೆಗೆ ಅದನ್ನು ಕಣ್ಣಾರೆ ನೋಡಿರಲಿಲ್ಲ, ಪ್ರಬಂಧದ ಡಬ್ಬಿ ಇದೇ ಎಂದು ಹೊಳೆಯಲೂ ಇಲ್ಲ. ತುಕ್ಡಿಯನ್ನು ಬೇರೆ ಪಾತ್ರೆಗೆ ಸುರಿದು, ಡಬ್ಬಿಯನ್ನು ಬಿಸಿನೀರಿನಲ್ಲಿ ಒಂದು ದಿನ ನೆನೆಹಾಕಿ, ಮೆತ್ತಗಾದ ಕಾಗದವನ್ನು ಚಾಕುವಿನಿಂದ ಹೆರೆದು, ಫಳಫಳ ತಿಕ್ಕಿ, ಖಾಲಿ ಕೊಡಬಾರದೆಂದು ಕೋಡುಬಳೆ ತುಂಬಿ, ಸೋಮವಾರ ಕೊಟ್ಟುಬಂದೆ.

ಆಂಟಿ ಡಬ್ಬಿ ನೋಡಿದರು. ಬೆರಳು ನಿಂತವು. ನಿಂತದ್ದನ್ನು ನಾನು ಮೊದಲ ಸಲ ನೋಡಿದ್ದು.

"ಹುಡುಗಿ ಎಲ್ಲಿ?" ಎಂದರು.

ನನಗೆ ಆಗ ಹೊಳೆಯಿತು. "ಫೋಟೋ ತೆಗೆದಿದ್ದೀರಲ್ವಾ ಆಂಟಿ?"

"ಅವಳ ಮುಖ ಮಾತ್ರ ಉಂಟು. ಹಿಂದಿನ ಅಕ್ಷರ ನಾಳೆ ಓದುವಾ ಅಂತ ಇಟ್ಟಿದ್ದೆ." ಬಾಗಿಲು ಹಾಕಿಕೊಂಡರು.

ಮನೆಗೆ ಬಂದು ಹೇಳಿದರೆ ಮಗಳು ಬಾಯಿಗೆ ಕೈ ಇಟ್ಟುಕೊಂಡು, "ಮಾಮ್, ಯು ಸ್ಕ್ರಬ್ಡ್ ಹರ್ ಹೋಮ್‌ವರ್ಕ್?" ಎಂದಳು. ಎರಡು ದಿನ ಆಂಟಿ ಫೋನೂ ಎತ್ತಲಿಲ್ಲ. ಬೇಲಿಯ ಹತ್ತಿರ ಹೋಗುವುದು, ವಾಪಸು ಬರುವುದು, ಇಷ್ಟೇ ನನ್ನ ಕೆಲಸವಾಯಿತು.

ಬುಧವಾರ ಅವರೇ ಬಂದು ಬೆಲ್ ಒತ್ತಿದರು. ಕೈಯಲ್ಲಿ ನೋಟ್‌ಬುಕ್. "ಕೂತ್ಕೋ. ಪ್ರಶ್ನೆ ಕೇಳ್ಲಿಕ್ಕುಂಟು. ಎಂತದ್ರಲ್ಲಿ ತಿಕ್ಕಿದ್ದು?"

"ಸ್ಟೀಲ್ ಸ್ಕ್ರಬ್ಬರ್. ಸ್ವಲ್ಪ ಅಡುಗೆ ಸೋಡ."

"ಯಾವತ್ತು?"

ದಿನದ ಕೆಲಸ ಬರೆದಿಡುವ ನನ್ನ ಪುಸ್ತಕ ತಂದು ತೋರಿಸಿದೆ. 'ಪರದೆ ಒಗೆದೆ. ಆಂಟಿ ಡಬ್ಬಿ ನೆನೆಹಾಕಿದೆ' ಎಂದಿತ್ತು. ಅವರು ಅದನ್ನು ಹಾಗೇ ಬರೆದುಕೊಂಡು, ಪೆನ್ನು ಕೆಳಗಿಟ್ಟರು.

"ಈಗ ನಿಜ ಹೇಳು. ತುಕ್ಡಿ ಹಾಕಿದ ಡಬ್ಬಿಯನ್ನು ಒಂದು ದಿನ ಯಾಕೆ ನೆನೆಹಾಕ್ಬೇಕು?"

ಹಬ್ಬದ ಕ್ಲೀನಿಂಗ್ ಎನ್ನಬಹುದಿತ್ತು. ಎನ್ನಲಿಲ್ಲ. "ನಿಮ್ಮಲ್ಲಿ ಮೀನು ಮಾಡ್ತೀರಲ್ಲ, ನಾವು ತಿನ್ನಲ್ಲ. ಒಣಮೀನಿನ ವಾಸನೆ ಇದೆ ಅನ್ನಿಸ್ತು ಆಂಟಿ."

"ಇತ್ತಾ?"

"ಗೊತ್ತಿಲ್ಲ. ಇರಬಹುದು ಅಂದ್ಕೊಂಡೆ."

"ತುಕ್ಡಿ ತಿಂದ್ಯಾ?"

"ಮಗಳು ತಿಂದ್ಲು."

ನಾನು ತಲೆ ತಗ್ಗಿಸಿದ್ದೆ. ಮೇಜಿನ ಮೇಲೆ ಟಕಟಕ ಶುರುವಾಯಿತು. ಆಂಟಿ ನಗುತ್ತಿದ್ದರು, ಆದರೆ ಕಣ್ಣು ಪೂರ್ತಿ ನಗುತ್ತಿರಲಿಲ್ಲ. "ಕ್ಯಾಂಪಲ್ಲಿ ಸಾಹೇಬರ ಹೆಂಡತಿ ನಾನು ಮುಟ್ಟಿದ ಕಪ್ಪನ್ನು ಎರಡು ಸಲ ತೊಳೀತಿದ್ಲು, ಗೊತ್ತುಂಟಾ? ಅದನ್ನು ಎಲ್ಲಿ ಬರೀಬೇಕು ಅಂತ ಮೂರು ವರ್ಷದಿಂದ ಜಾಗ ಸಿಕ್ಕಿರ್ಲಿಲ್ಲ. ಈಗ ಸಿಕ್ಕಿತು. ನಿನ್ನ ಪಕ್ಕದಲ್ಲೇ."

ಶುಕ್ರವಾರ ನಾನೇ ಕಾರು ಓಡಿಸಿದೆ. ಪ್ರಬಂಧದ ಜೊತೆ ತೋರಿಸಲು ಬೋಳು ಡಬ್ಬಿ ಅವರ ಮಡಿಲಲ್ಲಿತ್ತು. ಪ್ರಬಂಧದ ಕೊನೆಯ ಪುಟದ ಅಡಿಯಲ್ಲಿ, ದೊಡ್ಡ ದೊಡ್ಡ ಪುಸ್ತಕಗಳ ಹೆಸರಿನ ಕೆಳಗೆ, 'ನೆರೆಮನೆಯವಳ ದಿನಚರಿ' ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದರು. ಬರೆಯುವಾಗ ಅದು ಯಾರಾದರೂ ಓದಬಹುದಾದ ಪುಸ್ತಕವೆಂದು ನನಗೆ ಅನ್ನಿಸಿರಲಿಲ್ಲ. ಅಂದಿನಿಂದ ಬರೆಯುವಾಗ ಒಂದು ಸಾಲು ಹೆಚ್ಚು ಬರೆಯುತ್ತೇನೆ. ಏನು ಮಾಡಿದೆ ಎಂಬುದರ ಕೆಳಗೆ, ಯಾಕೆ ಮಾಡಿದೆ ಎಂದು. ಅದು ಸುಲಭವಿಲ್ಲ. ಕೆಲವು ದಿನ ಆ ಸಾಲು ಖಾಲಿ ಬಿಟ್ಟು ಎದ್ದು ಓಡಾಡುತ್ತೇನೆ.

ಪಾಸಾದ ಸುದ್ದಿ ಅವರಿಗೆ ಬ್ರಿಸ್ಬೇನಿನಲ್ಲಿ ತಲುಪಿತು. ಗೌನು ಹಾಕಿಕೊಳ್ಳಲು ಬರಲಾಗಲಿಲ್ಲ. ಹೋದ ತಿಂಗಳು ತೀರಿಕೊಂಡರು.

ಪಾರ್ಸೆಲ್ಲಿನಲ್ಲಿ ಮಗನ ಚೀಟಿ ಇತ್ತು. 'ಡಬ್ಬಿ ನಿಮಗೆ ಕೊಡಬೇಕು, ಖಾಲಿ ಕಳಿಸಬಾರದು ಎಂದು ಮಮ್ಮಿ ಹೇಳಿದ್ದರು. ತುಕ್ಡಿ ನಾನೇ ಮಾಡಿದ್ದು. ಸ್ವಲ್ಪ ಕರಕಲಾಗಿದೆ, ಸಾರಿ ಅಕ್ಕ.'

ಸಂಜೆ ಅನ್ನ, ಹುರುಳಿಕಾಯಿ ಪಲ್ಯ, ಸಾರು. ಊಟವಾದ ಮೇಲೆ ಡಬ್ಬಿಗೇ ಕೈ ಹಾಕಿ ಮೂರು ತುಕ್ಡಿ ತಿಂದೆ. ಒಂದು ಕಹಿಯಿತ್ತು, ಅದನ್ನೂ ತಿಂದೆ. ಯಜಮಾನರು ಮೊದಲು ಮಲಗಿದರು, ಆಮೇಲೆ ಮಗಳು. ನಾನು ಬಟ್ಟೆ ಒಳಗೆ ತರಲು ಎದ್ದೆ.