ಅರೆತಲೆನೋವು, ಅರ್ಧ ಉರುಳು ಸೇವೆ

ತೊಂಬತ್ತರ ದಶಕದ ನಡುವೆ ನಾನು ನಂಜನಗೂಡಿನಿಂದ ಸೋಸಲೆಗೆ ಸೊಸೆಯಾಗಿ ಬಂದಾಗ ನನ್ನ ಜೊತೆ ಅರೆತಲೆನೋವೂ ಬಂತು. ಮೊದಲು ಕಣ್ಣಂಚಿನಲ್ಲಿ ಗರಗಸದ ಹಲ್ಲಿನಂಥ ಬೆಳಕಿನ ಗೆರೆಯೊಂದು ಮಿಣುಗುತ್ತಿತ್ತು. ಎದುರಿಗೆ ನಿಂತವರ ಅರ್ಧ ಮುಖ ಕಾಣಿಸುತ್ತಿರಲಿಲ್ಲ. ಆಮೇಲೆ ಬಲಗಣ್ಣಿನ ಹಿಂದೆ ಕುಟ್ಟಲು ಶುರು. ಒಗ್ಗರಣೆ ವಾಸನೆಗೆ ವಾಂತಿ, ಬೆಳಕು ಕಂಡರೆ ಆಗದು. ಕತ್ತಲೆ ಕೋಣೆ ಸೇರಿ ತಲೆಗೆ ಬಟ್ಟೆ ಬಿಗಿದು ಮಲಗಿದರೆ ಮಾರನೆಯ ದಿನ ಮನುಷ್ಯಳಾಗುತ್ತಿದ್ದೆ.

ಕೈ ಮುರಿದಿದ್ದರೆ ತೋರಿಸಬಹುದಿತ್ತು. ತಲೆನೋವನ್ನು ಯಾರಿಗೆ ತೋರಿಸುವುದು? ನಾಟಿ, ಕಟಾವು ಬಂದಾಗಲೇ ಇವಳಿಗೆ ನೋವು ಬರುತ್ತದೆಂದು ಅತ್ತೆ ಕಂಡುಹಿಡಿದಿದ್ದರು. ಹೊಟ್ಟೆಗಿಲ್ಲದೆ ಬಿಸಿಲಲ್ಲಿ ಬಗ್ಗಿದರೆ ಬರುತ್ತದೆ ಎಂದರೆ ನಂಬುತ್ತಿರಲಿಲ್ಲ. ಕೆಟ್ಟವರಲ್ಲ ಅವರು. ಬೆಳಗಾಗೆದ್ದರೆ ಒಂದು ಗಳಿಗೆ ಕೂರದ ಹೆಂಗಸು, ಹಾಗಾಗಿ ಹಗಲಲ್ಲಿ ಮಲಗಿದವರನ್ನು ಕಂಡರೆ ಮೈ ಉರಿಯುತ್ತಿತ್ತು. "ಪ್ಯಾಟೆ ಮೈ, ಕೆಲ್ಸ ಅಂದ್ರೆ ತಲೆ ಇಡ್ಕತದೆ" ಎಂದು ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದರು. ನನ್ನ ಗಂಡ ಅಮ್ಮನ ಮಾತಿಗೂ ತಲೆಯಾಡಿಸುತ್ತಿದ್ದರು, ನನ್ನ ಮಾತಿಗೂ.

ಕೊನೆಗೆ ಅತ್ತೆ ಹರಕೆ ಹೊತ್ತರು. ನಂಜುಂಡೇಶ್ವರನಿಗೆ ಸೊಸೆಯ ಕೈಲಿ ಉರುಳು ಸೇವೆ. ವಾಸಿಯಾದ ಮೇಲೆ ತೀರಿಸುವುದು ಪದ್ಧತಿ. ಮೊದಲೇ ಮಾಡಿಸಿದರೆ ಬೇಗ ವಾಸಿಯಾಗುತ್ತದೆ ಎಂಬುದು ಅತ್ತೆಯ ಸ್ವಂತ ಬುದ್ಧಿ. ಹರಕೆ ಅವರದು, ಉರುಳಬೇಕಾದವಳು ನಾನು. ನನ್ನನ್ನು ಯಾರೂ ಕೇಳಲಿಲ್ಲ.

ಒಂದು ಸೋಮವಾರ ಉಪವಾಸವಿದ್ದು, ಕಪಿಲೆಯಲ್ಲಿ ಮುಳುಗೆದ್ದು, ಒದ್ದೆ ಸೀರೆಯಲ್ಲೇ ದೇವಸ್ಥಾನದ ಸುತ್ತ ಉರುಳಿದೆ. ಅತ್ತೆ ನನ್ನ ಸೆರಗು ಸರಿಮಾಡುತ್ತ ಪಕ್ಕದಲ್ಲೇ ಬಂದರು. ಅರ್ಧ ಸುತ್ತು ಆಗುವಷ್ಟರಲ್ಲಿ ಎದೆ ಡವಡವ ಹೊಡೆದುಕೊಂಡಿತು, ಕಣ್ಣು ಕತ್ತಲೆಯಾಯಿತು. ಎಚ್ಚರವಾದಾಗ ಪೇಟೆಯ ಡಾಕ್ಟರೊಬ್ಬರ ಬೆಂಚಿನ ಮೇಲಿದ್ದೆ. ಅವರು ಎದೆಗೆ ಸ್ಟೆತಾಸ್ಕೋಪ್ ಇಟ್ಟವರು ಬಹಳ ಹೊತ್ತು ತೆಗೆಯಲಿಲ್ಲ. ಬಡಿತದ ನಡುವೆ ಇನ್ನೊಂದು ಸದ್ದಿದೆ ಎಂದು ಮೈಸೂರಿಗೆ ಕಳಿಸಿದರು.

ಮೈಸೂರಿನಲ್ಲಿ ಎಕೋ ಮಾಡಿದ ಡಾಕ್ಟರು ಪರದೆಯ ಮೇಲೆ ತೋರಿಸಿದರು. ಹೃದಯದ ಎಡಗಡೆಯ ಕವಾಟ ಮುಚ್ಚುವಾಗ ಅದರ ಒಂದು ಪದರ ಹಿಂದಕ್ಕೆ ಉಬ್ಬುತ್ತಿತ್ತು. ಹೆದರುವಂಥದ್ದಲ್ಲ, ಆಗಾಗ ಬಂದು ತೋರಿಸಿದರೆ ಸಾಕು ಎಂದರು. ತಲೆನೋವಿನ ವಿಷಯ ನಾನೇ ಕೇಳಿದೆ. ಇಂಥ ಕವಾಟದವರಲ್ಲಿ ಮೈಗ್ರೇನ್ ಸ್ವಲ್ಪ ಹೆಚ್ಚು ಅನ್ನುತ್ತಾರೆ, ಆದರೆ ಇದರಿಂದಲೇ ಅದು ಬರುತ್ತದೆ ಎಂದು ಹೇಳಲಾಗದು ಎಂದರು. "ನಿಮ್ಮನ್ನ ಕಾಡ್ತಿರೋದು ತಲೆನೋವಮ್ಮ. ಅದಕ್ಕೆ ಸರಿಯಾಗಿ ಮಾತ್ರೆ ತಗೊಳ್ಳಿ."

ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು. ಕಣ್ಣಿಗೆ ಕಾಣುವ ಕಾಯಿಲೆಯೊಂದು ಕೊನೆಗೂ ಸಿಕ್ಕಿತ್ತು. ಇನ್ನಾದರೂ ನನ್ನನ್ನು ನಂಬುತ್ತಾರೆ ಅಂದುಕೊಂಡೆ.

ನಂಬಿದರು, ಆದರೆ ಬೇರೆಯದನ್ನು. ಹಾರ್ಟು ಕೆಟ್ಟ ಹುಡುಗಿಯನ್ನು ಮುಚ್ಚಿಟ್ಟು ಕೊಟ್ಟರು, ಇವಳನ್ನು ತವರಿಗೇ ಬಿಟ್ಟುಬರುವುದು ಒಳ್ಳೆಯದು ಎಂಬ ಮಾತು ಮನೆಯಲ್ಲಿ ಎದ್ದಿತು. ಡಾಕ್ಟರು ಹೇಳಿದ್ದನ್ನು ನಾನು ಎಷ್ಟು ಹೇಳಿದರೂ, ಹಾರ್ಟು ಅನ್ನುವ ಪದದಾಚೆ ಯಾರ ಕಿವಿಗೂ ಏನೂ ಹೋಗಲಿಲ್ಲ. ಅಪ್ಪನಿಗೆ ಹೇಳಿಕಳಿಸಿದರು. ಅವರು ಅಂಗಡಿ ಬಾಗಿಲು ಹಾಕಿ, ನರಸೀಪುರದಲ್ಲಿ ಬಸ್ಸು ಬದಲಿಸಿ ಬಂದು, ಜಗಲಿಯ ಅಂಚಿನಲ್ಲಿ ಕೂತು, ತಮಗೂ ಗೊತ್ತಿರಲಿಲ್ಲ ಎಂದರು. ಕೊಟ್ಟ ನೀರನ್ನು ಕುಡಿಯಲಿಲ್ಲ. ಅರ್ಧಕ್ಕೆ ನಿಂತ ಸೇವೆ ಮನೆಗೆ ಆಗಿಬರುವುದಿಲ್ಲ ಎಂದು ಅತ್ತೆ ಅಂದಾಗ, ಉಳಿದದ್ದನ್ನು ತಾವು ಮಾಡುವುದಾಗಿ ಅಪ್ಪ ಒಪ್ಪಿಕೊಂಡರು.

ಮುಂದಿನ ಸೋಮವಾರ ನಾನು ಬಿದ್ದ ಜಾಗದಿಂದ ಅಪ್ಪ ಉರುಳಿದರು. ಒದ್ದೆ ಪಂಚೆ, ಬರಿ ಮೈ, ಕಲ್ಲಿಗೆ ತಾಗುವ ಪಕ್ಕೆಲುಬು. ಪಕ್ಕದಲ್ಲಿ ನಡೆಯುತ್ತಿದ್ದ ನನಗೆ ಅತ್ತೆಯ ಮೇಲೆ, ಗಂಡನ ಮೇಲೆ, ಅಪ್ಪನ ಮೇಲೂ ಸಿಟ್ಟು ಉಕ್ಕಿತು. ಯಾಕೆ ಒಪ್ಪಿಕೊಂಡಿರಿ ಎಂದು ಆಮೇಲೆ ಜಗಳವಾಡಿದೆ. "ನಿನ್ನ ವಾಪಸ್ ಕಳಿಸ್ದೆ ಇದ್ರೆ ಸಾಕು ಕಣವ್ವ" ಎಂದು ಮೈ ಒರೆಸಿಕೊಂಡರು.

ವಾಪಸ್ ಕಳಿಸಲಿಲ್ಲ. ಬಿಸಿಲಿಗೋ ಸಿಟ್ಟಿಗೋ, ಸೋಸಲೆ ತಲುಪುವಷ್ಟರಲ್ಲಿ ಬಲಗಣ್ಣು ಸಿಡಿಯುತ್ತಿತ್ತು. ಕೋಣೆಗೆ ಹೋಗಿ ಬಿದ್ದುಕೊಂಡೆ. ಈ ಸಲ ಅತ್ತೆ ಬೈಯಲಿಲ್ಲ. ಓಡಿಬಂದು ಲೈಟ್ ಹಾಕಿ, ಪಕ್ಕದಲ್ಲಿ ಕೂತು, ನನ್ನ ಎದೆಯ ಮೇಲೆ ಅಂಗೈ ಇಟ್ಟರು. ನಿಜವಾಗಿಯೂ ಹೆದರಿದ್ದರು. "ಲೈಟ್ ಆರಿಸಿ ಅತ್ತೆ, ತಲೆ ತಡೆಯೋಕಾಗ್ತಿಲ್ಲ" ಎಂದೆ.

"ತಲೆ ಅಂಗಿರ್ಲಿ ಬುಡವ್ವ" ಎಂದರು. "ಎದೆ ಎಂಗದೆ ಯೋಳು."