ಬ್ರೇಕ್ ಮೇಷ್ಟ್ರ ಬಲಗಾಲು

ಕಾರು ಕಲಿಸುವವರ ಕಾರಿನಲ್ಲಿ ಬ್ರೇಕು ಎರಡಿರುತ್ತವೆ. ಒಂದು ಕಲಿಯುವವರ ಕಾಲಡಿ, ಅದು ಹೆಸರಿಗೆ. ಇನ್ನೊಂದು ಪಕ್ಕದಲ್ಲಿ ಕೂತ ಮೇಷ್ಟ್ರ ಕಾಲಡಿ, ಅದು ಜೀವಕ್ಕೆ. ಬ್ರೇಕ್ ಮೇಷ್ಟ್ರು ಆ ಎರಡನೆಯದರ ಮೇಲೆ ಬಲಗಾಲಿಟ್ಟೇ ಅರ್ಧ ಆಯಸ್ಸು ಸವೆಸಿದವರು. ಊರಿನ ಅರ್ಧ ಜನಕ್ಕೆ ಕಾರು ಕಲಿಸಿದ್ದರು. ಉಳಿದರ್ಧ ಜನ ಇನ್ನೂ ಬದುಕಿದ್ದಾರೆಂದರೆ ಅದೂ ಆ ಬಲಗಾಲಿನ ಪುಣ್ಯವೇ.

ತೊಂದರೆ ಏನೆಂದರೆ, ಸಂಜೆ ಮೇಷ್ಟ್ರು ಮನೆಗೆ ಬಂದರೂ ಕಾಲು ಮಾತ್ರ ಕೆಲಸಕ್ಕೇ ನಿಂತಿರುತ್ತಿತ್ತು. ಅಡುಗೆಮನೆಯಲ್ಲಿ ಚಮಚ ಬಿದ್ದರೆ ನೆಲಕ್ಕೊಂದು ಧಡ್. ಫೋನ್ ಹೊಡೆದುಕೊಂಡರೆ ಧಡ್. ಟೀವಿಯಲ್ಲಿ ಯಾರೋ ರಸ್ತೆ ದಾಟಿದರೂ ಸೋಫಾದಲ್ಲಿ ಕೂತೇ ಬ್ರೇಕು. ನಿದ್ದೆಯಲ್ಲಿ ಹೆಂಡತಿಯ ಮೀನಖಂಡಕ್ಕೆ ಬ್ರೇಕು. ಒಂದು ದಿನ ಕೆಳಗಿನ ಮನೆಯವರು ಮೆಟ್ಟಿಲು ಹತ್ತಿ ಬಂದು, "ಏನಮ್ಮ, ಏನಾದ್ರೂ ಕುಟ್ತಿದ್ದೀರಾ?" ಎಂದು ಕೇಳಿದರು. "ಇಲ್ಲಪ್ಪ, ನಮ್ಮನೆಯವರು ಟೀವಿ ನೋಡ್ತಿದ್ದಾರೆ" ಎಂದಳು ಮಹಾತಾಯಿ.

ಇದೆಲ್ಲ ನಗುತ್ತಲೇ ನಡೆದುಹೋಗುತ್ತಿತ್ತೇನೋ. ಅಷ್ಟರಲ್ಲಿ ಮೊಮ್ಮಗಳು ಹುಟ್ಟಿದಳು. ಮಗಳು ಮಗುವನ್ನು ಮೊದಲ ಸಲ ಅಜ್ಜನ ತೊಡೆಯ ಮೇಲೆ ಮಲಗಿಸಿದ ಗಳಿಗೆಯಲ್ಲೇ ಗಾಳಿಗೆ ಬಾಗಿಲು ಬಡಿಯಬೇಕೆ? ಮೇಷ್ಟ್ರ ಮೊಣಕಾಲು ಚಿಮ್ಮಿತು, ಮಗು ಗೇಣುದ್ದ ಮೇಲೆ ಹಾರಿತು. ಅಜ್ಜಿ ಹಿಡಿದುಕೊಂಡಳು, ಪುಣ್ಯಾತ್ಗಿತ್ತಿ. ಮಗುವಿಗಿಂತ ಜೋರಾಗಿ ಅತ್ತವಳು ಮಗಳು.

"ಅಪ್ಪಾ, ಬೇಜಾರು ಮಾಡ್ಕೋಬೇಡ" ಎಂದಳು ಕೊನೆಗೆ. "ನಿನ್ನ ಕಾಲು ಸುಮ್ನಾಗೋವರೆಗೂ ಮಗೂನ ನಿನ್ನ ಕೈಗೆ ಕೊಡಲ್ಲ."

"ಅಯ್ಯೋ, ಅದಕ್ಕೇನಂತೆ" ಎಂದು ಮೇಷ್ಟ್ರು ನಕ್ಕರು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ತಿರುಗಿಸಿ, ಬಕೆಟ್ಟು ತುಂಬುವಷ್ಟು ಹೊತ್ತು ಅತ್ತರು. ಅವರಿಗೆ ಅಷ್ಟು ಆಸೆಯಿತ್ತು ಆ ಮಗುವಿನ ಮೇಲೆ.

ಮರುದಿನವೇ ಹೆಂಡತಿ ಡಾಕ್ಟರ ಬಳಿಗೆ ಎಳೆದುಕೊಂಡು ಹೋದಳು. ಡಾಕ್ಟರಮ್ಮ ಮೊಣಕಾಲು ತಟ್ಟಿ, ಎದೆ ಕೇಳಿ, ನಿದ್ದೆ ವಿಚಾರಿಸಿ, "ಕಾಲಿಗೇನೂ ಆಗಿಲ್ಲ. ನಿಮಗೇನಾದ್ರೂ ಭಯ ಇದ್ಯಾ?" ಎಂದರು.

"ಭಯಾನಾ? ನನಗಾ?" ಎಂದು ಮೇಷ್ಟ್ರು ಮೀಸೆ ಮುಟ್ಟಿಕೊಳ್ಳುವಷ್ಟರಲ್ಲಿ ಹೊರಗೆ ನರ್ಸಮ್ಮನ ತಟ್ಟೆ ಬಿತ್ತು. ಮೇಜಿಗೆ ಒದೆ ಬಿದ್ದು ಪೆನ್ನುಗಳೆಲ್ಲ ನೆಲ ಕಂಡವು. ಡಾಕ್ಟರಮ್ಮ ಬಗ್ಗಿ ಆರಿಸಿಕೊಂಡರು.

"ದಿನವಿಡೀ ಅಪಾಯ ಕಾದೂ ಕಾದೂ ನಿಮ್ಮ ನರಗಳಿಗೆ ಅದೇ ರೂಢಿಯಾಗಿದೆ" ಎಂದರು. "ಮನೆಗೆ ಬಂದಿದ್ದೀನಿ ಅಂತ ನಿಮಗೆ ಗೊತ್ತು. ಅವಕ್ಕೆ ಯಾರೂ ಹೇಳಿಲ್ಲ."

"ಹುಟ್ಟುಗುಣ ಸುಟ್ರೂ ಹೋಗಲ್ಲ, ಬಿಡಿ" ಎಂದಳು ಹೆಂಡತಿ.

"ಇದು ಹುಟ್ಟುಗುಣ ಅಲ್ಲಮ್ಮ, ಕಲಿತ ಗುಣ. ಮರೆಸಬಹುದು, ತಿಂಗಳುಗಟ್ಟಲೆ ಹಿಡಿಯುತ್ತೆ. ಬಾಯಲ್ಲಿ ಹೇಳಿದ್ರೆ ನರ ಕೇಳಲ್ಲ, ಉಸಿರಲ್ಲಿ ಹೇಳ್ಬೇಕು. ಎಳೆದುಕೊಂಡಿದ್ದಕ್ಕಿಂತ ಹೊರಗೆ ಹೋಗೋದು ಉದ್ದ ಇರಬೇಕು. ಎಲ್ಲಿ, ಉಸಿರು ಎಳ್ಕೊಳ್ಳಿ. ಹಾಂ. ಈಗ ನಿಧಾನಕ್ಕೆ ಬಿಡಿ."

ಧಡಾರ್! ಪೆನ್ನುಗಳು ಮತ್ತೆ ನೆಲದ ಮೇಲೆ.

ತಪ್ಪು ಡಾಕ್ಟರಮ್ಮನದೂ ಅಲ್ಲ, ಮೇಷ್ಟ್ರದೂ ಅಲ್ಲ. 'ಕ್ಲಚ್ ನಿಧಾನಕ್ಕೆ ಬಿಡಿ' ಎಂದು ಮೇಷ್ಟ್ರು ದಿನಕ್ಕೆ ನೂರು ಸಲ ಹೇಳುತ್ತಿದ್ದರು. ಹಾಗೆ ಹೇಳಿದಾಗ ನಿಧಾನಕ್ಕೆ ಬಿಟ್ಟ ಶಿಷ್ಯ ಭೂಮಿಯ ಮೇಲೆ ಹುಟ್ಟಿರಲಿಲ್ಲ. ಬಿಡಿ ಎಂದೊಡನೆ ಕಾರು ಕಪ್ಪೆಯಂತೆ ನೆಗೆಯಬೇಕು, ಮೇಷ್ಟ್ರು ಬ್ರೇಕು ತುಳಿಯಬೇಕು. ಆ ಬಲಗಾಲಿನ ಮಟ್ಟಿಗೆ 'ನಿಧಾನಕ್ಕೆ ಬಿಡಿ' ಎಂದರೆ 'ಸತ್ತೆ' ಎಂದೇ ಅರ್ಥ. ಡಾಕ್ಟರಮ್ಮ 'ಮೆಲ್ಲಗೆ ಬಿಡಿ' ಎಂದರು, ಧಡ್. 'ಹಗುರವಾಗಿ ಬಿಡಿ' ಎಂದರು, ಧಡ್. ಆಮೇಲೆ ತಮ್ಮ ಕುರ್ಚಿಯನ್ನೇ ಹಿಂದಕ್ಕೆ ಎಳೆದುಕೊಂಡು, ಮನೆಯಲ್ಲೇ ಅಭ್ಯಾಸ ಮಾಡಿ ಎಂದು ಕಳಿಸಿದರು.

ಮನೆಯಲ್ಲಿ ಹೆಂಡತಿ ಹೊಗೆಯಾಡುವ ಹಾಲಿನ ಲೋಟ ತಂದು ಮುಂದೆ ಹಿಡಿದಳು. "ಬಿಡೋದೂ ಬೇಡ, ಕಟ್ಟೋದೂ ಬೇಡ. ಇದನ್ನ ಊದಿ."

ಮೇಷ್ಟ್ರು ಊದಿದರು. ಕಾಲು ಕದಲಲಿಲ್ಲ. ಇಬ್ಬರೂ ಬಗ್ಗಿ ಕಾಲನ್ನೇ ನೋಡಿದರು. "ಇನ್ನೂ ಊದಿ" ಎಂದಳು ಅವಳು ಪಿಸುಮಾತಿನಲ್ಲಿ. ಹಾಲು ಆರಿತು, ಕೆನೆ ಕಟ್ಟಿತು, ಮೇಷ್ಟ್ರು ಊದುತ್ತಲೇ ಇದ್ದರು. ಹೆಗಲುಗಳು ಕಿವಿಯ ಪಕ್ಕದಿಂದ ತಮ್ಮ ಜಾಗಕ್ಕೆ ಇಳಿದವು. ಅವು ಅಷ್ಟು ಕೆಳಗಿರುವ ವಸ್ತುಗಳೆಂಬುದೇ ಮೇಷ್ಟ್ರಿಗೆ ಮರೆತುಹೋಗಿತ್ತು.

ಅಲ್ಲಿಂದ ಊದುವ ಕೆಲಸ ಶುರುವಾಯಿತು. ಸಿಗ್ನಲ್ಲಿನಲ್ಲಿ ಊದಿದರು, ಬ್ಯಾಂಕಿನ ಸಾಲಿನಲ್ಲಿ ಊದಿದರು, ಮುಂದೆ ನಿಂತವನು ಕತ್ತು ಒರೆಸಿಕೊಂಡು ತಿರುಗಿ ನೋಡಿದ. ಕೆಲವು ದಿನ ಕಾಲು ಮಾತು ಕೇಳುತ್ತಿತ್ತು, ಕೆಲವು ದಿನ ಕೆಳಗಿನ ಮನೆಯವರು ಮೆಟ್ಟಿಲು ಹತ್ತುತ್ತಿದ್ದರು.

ಒಂದು ಬೆಳಿಗ್ಗೆ ಕಾರಿನಲ್ಲಿ ಟೈಲರಮ್ಮ ಕೂತಿದ್ದರು. ಹೊಲಿಗೆ ಮಿಷನ್ನು ಓಡಿಸುವುದರಲ್ಲಿ ಎತ್ತಿದ ಕಾಲು, ಕಾರೆಂದರೆ ಮಾತ್ರ ಕೈಕಾಲು ನಡುಕ. ಪಕ್ಕದಲ್ಲಿ ಮೇಷ್ಟ್ರು ಊದುವುದನ್ನು ಕಂಡು ಆಕೆ ಇದೂ ಪಾಠವೇ ಇರಬೇಕೆಂದುಕೊಂಡು ತಾವೂ ಊದತೊಡಗಿದರು. ಇಬ್ಬರೂ ಊದುತ್ತಾ ಊದುತ್ತಾ ಮಾರ್ಕೆಟ್ಟು ದಾಟಿದರು. ಕಾರು ಒಮ್ಮೆಯೂ ನೆಗೆಯಲಿಲ್ಲ.

"ಇವತ್ತು ನೀವು ಬಯ್ಯೋ ಥರ ಕೂತಿರ್ಲಿಲ್ಲ ಮೇಷ್ಟ್ರೇ, ಅದಕ್ಕೇ ಬಂತು" ಎಂದರು ಟೈಲರಮ್ಮ ಇಳಿಯುವಾಗ.

ಮೇಷ್ಟ್ರಿಗೆ ನಾಚಿಕೆಯಾಯಿತು. ಇಷ್ಟು ವರ್ಷ ಶಿಷ್ಯರು ಹೆದರುತ್ತಾರೆ, ಅದಕ್ಕೆ ನಾನು ಹೆದರುತ್ತೇನೆ ಎಂದುಕೊಂಡಿದ್ದರು. ಪಕ್ಕದಲ್ಲಿ ಮರಗಟ್ಟಿ ಕೂತ ಮೇಷ್ಟ್ರನ್ನು ಕಂಡೇ ಎಷ್ಟೋ ಕಾಲುಗಳು ನಡುಗಿರಬೇಕು.

ಒಂದು ಮಧ್ಯಾಹ್ನ ಮಗಳು ಅಳುವ ಮಗುವನ್ನು ಎತ್ತಿಕೊಂಡು ಬಂದಳು. ನಿದ್ದೆಗೆಟ್ಟು ಅವಳ ಕಣ್ಣು ಕೆಂಡವಾಗಿದ್ದವು. ಅಮ್ಮನಿಂದ ಎಲ್ಲ ಸುದ್ದಿ ಮುಟ್ಟಿತ್ತು. "ಕೂತ್ಕೋ, ನೋಡೇಬಿಡೋಣ" ಎಂದು ಅಪ್ಪನನ್ನು ಸೋಫಾದಲ್ಲಿ ಕೂರಿಸಿ, ಮಗುವನ್ನು ತೊಡೆಯ ಮೇಲಿಟ್ಟು, ಬಿದ್ದರೆ ಹಿಡಿಯಲು ಒಂದು ಕೈ ಅಡಿಯಲ್ಲಿಟ್ಟು, ಪಕ್ಕದಲ್ಲೇ ಕೂತಳು. ಅವಳ ಕಣ್ಣೆಲ್ಲ ಬಲಗಾಲಿನ ಮೇಲೆ.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳ ಬಿದ್ದು ನೆಲವೆಲ್ಲ ಸುತ್ತಿ ಸದ್ದು ಮಾಡಿತು. "ನನ್ನ ಕೈಗಿಷ್ಟು ಬೆಂಕಿ ಹಾಕ" ಎಂದಳು ಒಳಗಿದ್ದವಳು. ಮಗಳು ಬೆಚ್ಚಿಬಿದ್ದಳು. ಮೇಷ್ಟ್ರ ಹೆಬ್ಬೆರಳು ಚಪ್ಪಲಿಯೊಳಗೆ ಮುದುಡಿತು, ಅಷ್ಟೆ. ಅವರು ಮಗುವಿನ ನೆತ್ತಿಯ ಕೂದಲು ಅಲ್ಲಾಡುವಂತೆ ಉದ್ದಕ್ಕೆ ಊದಿದರು. ಮತ್ತೆ ಊದಿದರು. ಮಗುವಿನ ಅಳು ಬಿಕ್ಕಳಿಕೆಯಾಯಿತು, ಬಿಕ್ಕಳಿಕೆ ನಿದ್ದೆಯಾಯಿತು.

ಮಗಳು ಏನೋ ಹೇಳಲು ಬಾಯಿ ತೆರೆದಳು, ಆಕಳಿಕೆ ಬಂತು. ಅಪ್ಪನ ಹೆಗಲಿಗೆ ತಲೆ ತಾಗಿಸಿದವಳು ಅಲ್ಲೇ ನಿದ್ದೆಹೋದಳು. ಮಗುವಿನ ಅಡಿಯಲ್ಲಿದ್ದ ಅವಳ ಕೈ ತಾನಾಗಿ ಜಾರಿ ಸೋಫಾದ ಮೇಲೆ ಬಿತ್ತು.

ಬಹಳ ಹೊತ್ತಿನ ಮೇಲೆ ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಂದು ನೋಡಿದಳು. ಇಬ್ಬರು ಗೊರಕೆ ಹೊಡೆಯುತ್ತಿದ್ದರು. ಮೂರನೆಯವರ ಕೆನ್ನೆ ಒದ್ದೆಯಾಗಿತ್ತು.

"ರೀ, ಯಾಕ್ರೀ ಅಳ್ತಿದ್ದೀರಾ?"

"ಶ್, ಮೆತ್ತಗೆ ಮಾತಾಡೇ" ಎಂದರು ಮೇಷ್ಟ್ರು. "ಕಾಲು ಜೋಮು ಹಿಡಿದಿದೆ."

"ಎಬ್ಬಿಸ್ಲಾ ಇವರನ್ನ?"

"ಬೇಡ."